ಹನು-ಮುಖ ಶಸ್ತ್ರವೈದ್ಯದಲ್ಲಿ ಅಂತೇವಾಸದ ಕ್ರಮ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಕುರಿತು

ಶಸ್ತ್ರವೈದ್ಯವು ಗ್ರಂಥಾಧ್ಯಯನಮಾತ್ರದಿಂದ ಸಿದ್ಧಿಸುವ ವಿದ್ಯೆಯಲ್ಲವೆಂಬುದು ಪ್ರಾಚೀನರಿಗೆ ಚೆನ್ನಾಗಿ ವಿದಿತವಾಗಿದ್ದಿತು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯಕ್ಕೆ 'ಯೋಗ್ಯಾಸೂತ್ರೀಯ'ವೆಂದು ಹೆಸರು. 'ಯೋಗ್ಯಾ' ಎಂದರೆ ಕೈಗೆ ಪಳಕೆಯಾಗುವಂತೆ ಮತ್ತೆ ಮತ್ತೆ ಮಾಡುವ ಅಭ್ಯಾಸ. ಶಾಸ್ತ್ರವೆಲ್ಲವನ್ನೂ ಓದಿ ಮುಗಿಸಿದ ಶಿಷ್ಯನಿಗೂ ಇದನ್ನು ಮಾಡಿಸತಕ್ಕದ್ದೆಂದು ಅಲ್ಲಿ ವಿಧಿಯುಂಟು. ಛೇದನವನ್ನು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿಯೂ, ಸಿರಾವೇಧವನ್ನು ಸತ್ತ ಪಶುಗಳ ಸಿರೆಗಳಲ್ಲಿಯೂ ನೈದಿಲೆಯ ದಂಟುಗಳಲ್ಲಿಯೂ, ಹೊಲಿಗೆಯನ್ನು ಬಟ್ಟೆಯ ಮತ್ತು ಮೃದುವಾದ ಚರ್ಮದ ಅಂಚುಗಳಲ್ಲಿಯೂ ಕಲಿಸಬೇಕು. ಕಿತ್ತು ತೆಗೆಯುವ ಕರ್ಮಕ್ಕೆ 'ಆಹಾರ್ಯ'ವೆಂದು ಸಂಜ್ಞೆ. ಅದನ್ನು ಹಲಸು, ತೊಂಡೆ, ಬಿಲ್ವ ಇವುಗಳ ತಿರುಳಿನಲ್ಲಿಯೂ ಸತ್ತ ಪಶುವಿನ ಹಲ್ಲುಗಳಲ್ಲಿಯೂ ಕಲಿಸಬೇಕು. ಹಲ್ಲು ಕೀಳುವ ವಿದ್ಯೆಯ ಮೊದಲ ಪಾಠವು ರೋಗಿಯ ಬಾಯಿಯಲ್ಲಿ ಆಗಕೂಡದೆಂಬುದೇ ಇದರ ತಾತ್ಪರ್ಯ.

ಆದರೆ ಕಾಯಿಯಲ್ಲಿ ಪಳಗಿದ ಕೈಯನ್ನು ಮನುಷ್ಯನ ಮುಖದವರೆಗೆ ಕರೆದೊಯ್ಯಲು ಸಮೀಪದಲ್ಲಿ ಗುರುವಿರಬೇಕು. ಈ ಗುರುಪರಂಪರೆಯು ಒಂದೊಂದು ಮನೆತನದಲ್ಲಿಯೇ ಅಡಗಿದ್ದರೆ ಏನಾಗುವುದೆಂಬುದಕ್ಕೆ ಒಂದು ದೃಷ್ಟಾಂತವುಂಟು. ೧೭೯೨ರ ಮೈಸೂರು ಯುದ್ಧದಲ್ಲಿ ಕಂಪನಿಯ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ದೇಶೀಯ ಶಸ್ತ್ರಜ್ಞನೊಬ್ಬನು ಮೇಣದಿಂದ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ಚರ್ಮವನ್ನು ಇಳಿಸಿ, ಅವನಿಗೆ ಹೊಸ ಮೂಗನ್ನು ಕಟ್ಟಿದನು. ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ೧೮೧೪ರಲ್ಲಿ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು ಅದೇ ವಿಧಾನವನ್ನು ಅನುಸರಿಸಿ ಗೆದ್ದನು. ವಿದ್ಯೆಯು ಅಲ್ಲಿ ಆಸ್ಪತ್ರೆ, ಪಾಠಶಾಲೆಗಳನ್ನು ಸೇರಿ ಬೆಳೆಯಿತು. ಮನೆತನದ ಗುಟ್ಟಾಗಿ ಉಳಿದ ವಿದ್ಯೆಗೆ ಆ ಭಾಗ್ಯವಿಲ್ಲ.

ಇಂತು ಕೈವಿದ್ಯೆಯನ್ನು ಮನೆತನದಿಂದ ಸಾರ್ವಜನಿಕ ಸಂಸ್ಥೆಗೆ ತಂದ ಕ್ರಮವೇ 'ರೆಸಿಡೆನ್ಸಿ' ಎನಿಸಿಕೊಂಡಿರುವುದು. ೧೮೮೯ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯು ತೆರೆಯಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರಜ್ಞನು ಶಿಷ್ಯರನ್ನು ಆಸ್ಪತ್ರೆಯಲ್ಲಿಯೇ ವಾಸಮಾಡಿಸಿ, ವರ್ಷದಿಂದ ವರ್ಷಕ್ಕೆ ಹೊಣೆಯನ್ನು ಹೆಚ್ಚಿಸುತ್ತ ಕಲಿಸುವ ಪದ್ಧತಿಯನ್ನು ನೆಲೆಗೊಳಿಸಿದನು. ಗುರುವಿನ ಬಳಿ ವಾಸಿಸುವ ಶಿಷ್ಯನನ್ನು ಸಂಸ್ಕೃತದಲ್ಲಿ 'ಅಂತೇವಾಸೀ' ಎನ್ನುವರು. ಆದುದರಿಂದ ಈ ಕ್ರಮವನ್ನು ಅಂತೇವಾಸವೆಂದರೆ ಅರ್ಥವು ಕೆಡದು. ಮೊದಲು ನೋಡುವುದು, ಬಳಿಕ ನೆರವಾಗುವುದು, ಆಮೇಲೆ ಗುರುವಿನ ಕಣ್ಣೆದುರು ಮಾಡುವುದು, ಕಡೆಗೆ ತಾನೇ ಹೊಣೆ ಹೊರುವುದು, ಇವೇ ಅದರ ಮೆಟ್ಟಿಲುಗಳು.

ಬಾಯಿ, ದವಡೆ, ಮುಖ ಇವುಗಳ ಶಸ್ತ್ರಚಿಕಿತ್ಸೆಗೆ 'ಓರಲ್ ಅಂಡ್ ಮ್ಯಾಕ್ಸಿಲೊಫೇಶಿಯಲ್ ಸರ್ಜರಿ' ಎಂದು ಇಂದಿನ ಹೆಸರು. ಭಾರತದಲ್ಲಿ ಇದು ದಂತವೈದ್ಯದ ಶಾಖೆ. ೧೯೪೮ರ ಅಧಿನಿಯಮದ ಮೇರೆಗೆ ೧೯೪೯ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ಏರ್ಪಟ್ಟಿತು. ೨೦೨೩ರಲ್ಲಿ ಅದರ ಸ್ಥಾನಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು. ಬಿ.ಡಿ.ಎಸ್. ಪದವಿಯನ್ನು ಪಡೆದವರು ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮೂರು ವರ್ಷಗಳ ಎಂ.ಡಿ.ಎಸ್. ಅಭ್ಯಾಸವನ್ನು ಮಾಡುವರು. ಇಂಗ್ಲೆಂಡಿನಲ್ಲಿ ಇದೇ ಶಾಖೆಗೆ ವೈದ್ಯ ಮತ್ತು ದಂತವೈದ್ಯ ಪದವಿಗಳೆರಡೂ ಬೇಕು. ಭಾರತದಲ್ಲಿ ಎರಡನೆಯದೊಂದೇ ಸಾಕು. ಆದುದರಿಂದ ಇಲ್ಲಿಯ ಶಿಷ್ಯನು ಸಾಮಾನ್ಯ ಶಸ್ತ್ರವೈದ್ಯ, ಅರಿವಳಿಕೆ ಮೊದಲಾದ ವಿಭಾಗಗಳಲ್ಲಿಯೂ ಕೆಲಕಾಲ ದುಡಿದು ಶರೀರದ ಉಳಿದ ವಿಚಾರವನ್ನು ಕಲಿಯಬೇಕಾಗಿರುವುದು.

ಈ ಅಭ್ಯಾಸದ ಅಗತ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೆಳದವಡೆಯು ಮುರಿದಾಗ ಎಲುಬಿನ ತುಂಡುಗಳನ್ನು ಹೇಗಾದರೂ ಕೂಡಿಸಿದರೆ ಸಾಲದು. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆ ಒಂದಕ್ಕೊಂದು ಕೂಡಿ ಕಚ್ಚಬೇಕು. ಕೂದಲೆಳೆಯಷ್ಟು ತಪ್ಪಿದರೂ ರೋಗಿಯು ರೊಟ್ಟಿಯನ್ನು ಅಗಿಯಲಾರನು. ಹೀಗಾಗಿ ಶಸ್ತ್ರಜ್ಞನು ಮೊದಲು ಹಲ್ಲುಗಳ ಸಾಲನ್ನು ತಂತಿಯಿಂದ ಬಿಗಿದು ಕಚ್ಚನ್ನು ಸರಿಪಡಿಸಿ, ಅನಂತರ ಟೈಟೇನಿಯಂ ಪಟ್ಟಿಯಿಂದ ಎಲುಬನ್ನು ಕೂಡಿಸುವನು. ಬಾಯಿಯು ಮುಚ್ಚಿರಬೇಕಾದುದರಿಂದ ಉಸಿರಿನ ಕೊಳವೆಯನ್ನು ಮೂಗಿನ ಮೂಲಕ ಇಳಿಸಬೇಕಾಗುವುದು. ಸುಶ್ರುತನು ಕೀಲು ತಪ್ಪಿದ ಹನುವಿಗೆ ಸ್ವೇದನ ಮಾಡಿ, ಸ್ಥಾನಕ್ಕೆ ತಂದು, 'ಪಂಚಾಂಗೀ' ಎಂಬ ಕಟ್ಟನ್ನು ಕಟ್ಟಲು ಹೇಳಿರುವನು. ಉಪಕರಣವು ಬದಲಾಯಿತು, ಸ್ಥಾನವನ್ನು ಬೆರಳಿನಿಂದ ಅರಿಯುವ ವಿದ್ಯೆಯು ಬದಲಾಗಲಿಲ್ಲ.

ಈ ವಿಚಾರವು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುವುದು. ೧೯೪೮ರವರೆಗೆ ಈ ಸೀಮೆಯು ನಿಜಾಮನ ಆಳ್ವಿಕೆಯಲ್ಲಿದ್ದಿತು. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಮುಂದೆ ೧೯೫೮ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಸ್ಥಾಪಿತವಾಗಿ, ೧೯೬೩ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ವಿದ್ಯಾಲಯವು ಹುಟ್ಟಿತು. ಇಂದು ಅದೇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತವೈದ್ಯ ವಿದ್ಯಾಲಯವೂ ಅಲ್-ಬದರ್ ಗ್ರಾಮೀಣ ದಂತವೈದ್ಯ ವಿದ್ಯಾಲಯವೂ ಕಲಬುರಗಿಯಲ್ಲಿ ಇರುವುವು. ಆಳಂದ, ಜೇವರ್ಗಿಗಳಿಂದ ಈ ನಗರವು ಸುಮಾರು ೪೦ ಕಿಲೋಮೀಟರು. ಅಫಜಲಪುರವು ಇನ್ನೂ ದೂರ. ಗಡಿಯ ಹಳ್ಳಿಗಳವರು ಸೊಲ್ಲಾಪುರಕ್ಕೂ ಹೋಗುವುದುಂಟು. ಅಂತೇವಾಸದ ಸ್ಥಾನವು ಹತ್ತಿರ ಬಂದಿರುವುದು ದೊಡ್ಡ ಲಾಭವೇ ಸರಿ. ಆದರೆ ರೋಗಿಯು ಅಲ್ಲಿಗೆ ಸಕಾಲದಲ್ಲಿ ತಲಪಿದರೆ ಮಾತ್ರ ಆ ಲಾಭವು ಕೈಗೆ ಸಿಗುವುದು.

ಆಟವಾಡುತ್ತ ಗದ್ದದ ಮೇಲೆ ಬಿದ್ದ ಮಗುವನ್ನು ಇಲ್ಲಿ ನೆನೆಯಬೇಕು. ಗದ್ದದ ಗಾಯವು ಬೇಗ ಮಾಯುವುದು. ಪೆಟ್ಟು ಮಾತ್ರ ಕಿವಿಯ ಮುಂದಿರುವ ದವಡೆಯ ಕೀಲನ್ನು ಮುರಿದಿರಬಹುದು. ಮೊದಲ ದಿನಗಳಲ್ಲಿಯೇ ಕಂಡರೆ, ಅನೇಕ ಮಕ್ಕಳಿಗೆ ಕೊಯ್ಯುವ ಕೆಲಸವೇ ಬೇಕಾಗದೆ, ಬಾಯಿ ತೆರೆಯುವ ಅಭ್ಯಾಸದಿಂದಲೇ ಗುಣವಾಗುವುದು. ಉಪೇಕ್ಷಿಸಿದರೆ ಕೀಲು ಕ್ರಮೇಣ ಎಲುಬಾಗಿ ಬೆಸೆದು, ಬಾಯಿಯು ತೆರೆಯದಾಗಿ, ಗದ್ದವು ಬೆಳೆಯದೆ ಉಳಿಯುವುದು. ಆಗ ಬೆಸೆದ ಎಲುಬನ್ನು ಕತ್ತರಿಸಬೇಕು. ತೆರೆಯದ ಬಾಯಿಯ ಮಗುವಿಗೆ ಅರಿವಳಿಕೆ ಕೊಡುವುದೇ ಕಠಿನ ಕಾರ್ಯ. ಎಲೆಅಡಿಕೆ, ಗುಟ್ಕಾಗಳಿಂದ ಬರುವ ಬಾಯಿಬಿಗಿತವೂ ಹೀಗೆಯೇ ನಿಧಾನವಾಗಿ ಹತ್ತುವುದು. ೧೯೫೩ರಲ್ಲಿ ಮುಂಬಯಿಯ ಜೋಶಿ ಎಂಬ ವೈದ್ಯರು ಈ ರೋಗವನ್ನು ವರ್ಣಿಸಿದರು. ಇದು ಕ್ಯಾನ್ಸರಿಗೆ ದಾರಿಯಾಗಬಲ್ಲುದು. ೨೦೧೩ರಲ್ಲಿ ಕರ್ನಾಟಕ ಸರಕಾರವು ಗುಟ್ಕಾ ಮಾರಾಟವನ್ನು ನಿಷೇಧಿಸಿತು; ಆದರೂ ಅಡಿಕೆ, ತಂಬಾಕುಗಳ ಚಟವು ಜನರನ್ನು ಬಿಟ್ಟಿಲ್ಲ.

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುವುದು. ಅಂತೇವಾಸಿಗೆ ರೋಗಿಯು ಬೇಕು, ರೋಗಿಗೆ ಅಂತೇವಾಸಿಯು ಬೇಕು. ತಡವಾಗಿ ಬಂದ ರೋಗಿಯಿಂದ ಶಿಷ್ಯನು ರೋಗದ ಕೊನೆಯನ್ನು ಮಾತ್ರ ಕಲಿಯುವನು, ಆದಿಯನ್ನಲ್ಲ. ಆದುದರಿಂದ ಅಭ್ಯಾಸದ ಮೂರು ವರ್ಷಗಳಲ್ಲಿ ಶಿಷ್ಯನು ನಿಯತವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕುಳಿತು ಮಕ್ಕಳ ಗದ್ದವನ್ನೂ ದೊಡ್ಡವರ ಬಾಯಿಯನ್ನೂ ನೋಡುವಂತಾಗುವುದು ಉಭಯರಿಗೂ ಹಿತ. ೨೦೧೩ರಿಂದ ಜಾರಿಯಲ್ಲಿರುವ ಸಂವಿಧಾನದ ೩೭೧ಜೆ ವಿಧಿಯು ಈ ಪ್ರದೇಶದವರಿಗೆ ಶಿಕ್ಷಣದಲ್ಲಿ ಸ್ಥಾನಗಳನ್ನು ಮೀಸಲಿಡಲು ಅವಕಾಶವಿತ್ತಿರುವುದು. ಸ್ಥಾನವನ್ನು ಪಡೆದು ಕಲಿತವರಲ್ಲಿ ಕೆಲವರಾದರೂ ಭೀಮಾತೀರಕ್ಕೆ ಹಿಂದಿರುಗಿ ನೆಲೆಸಿದರೆ ಆ ವಿಧಿಯ ಫಲವು ಪೂರ್ಣವಾಗುವುದು. ಗುರುವಿನ ಬಳಿಯ ವಾಸವು ವಿದ್ಯೆಯನ್ನು ಕೊಡುವುದು. ಜನರ ನಡುವಣ ವಾಸದಿಂದಲೇ ಆ ವಿದ್ಯೆಗೆ ಸಾರ್ಥಕ್ಯ.