ಎರಡೂವರೆ ನೂಲಿನ ಬೋಲ್ಟು

ಹೆದ್ದಾರಿ ಬಿಟ್ಟು ದೇವನಹಳ್ಳಿ ಬಳಿಯ ಆವತಿಯ ಒಳಕ್ಕೆ ತಿರುಗಿದರೆ ಲಾರಿಗಳ ಗೌಜು ಸ್ವಲ್ಪ ಸ್ವಲ್ಪವೇ ಹಿಂದೆ ಉಳಿದು, ಆ ಜಾಗಕ್ಕೆ ಕೋಳಿಗಳ ಕೆದಕಾಟ, ಯಾರದೋ ಮನೆಯ ಮಿಕ್ಸಿ, ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನು ಉರುಳಿಸುವ ಸದ್ದು ಬಂದು ಸೇರಿಕೊಳ್ಳುತ್ತವೆ. ಬೆಟ್ಟದ ಬಂಡೆ ಬೆಳಗಿನ ಬಿಸಿಲಿಗೆ ಇನ್ನೂ ಕಾದಿಲ್ಲ. ಹಿಪ್ಪುನೇರಳೆ ತೋಟದ ಪಕ್ಕಕ್ಕೆ ತಗಡಿನ ಮಾಡಿನ ಒಂದು ಶೆಡ್ಡು. ತಲೆ ಬಗ್ಗಿಸಿ ಒಳಗೆ ಬನ್ನಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಇಲ್ಲಿ ಎಂಜಿನ್ ಬಿಚ್ಚಿದ್ದಾರೆ ಅನ್ನುವುದು ಮೂಗಿಗೆ ಗೊತ್ತಾಗಿಬಿಡುತ್ತದೆ. ಡೀಸೆಲ್ಲಿನ ಘಾಟು, ಹಳೆಯ ಆಯಿಲ್ಲಿನ ಕಮಟು, ಎಮರಿ ಪೇಪರಿನಲ್ಲಿ ಆಗತಾನೆ ಉಜ್ಜಿದ ಬೀಡು ಕಬ್ಬಿಣದ ಹಸಿ ವಾಸನೆ, ಇವೆಲ್ಲದರ ಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ಬಂದ ಟೀಯ ಘಮ.

ನಡುವೆ, ಕಬ್ಬಿಣದ ಚಾನೆಲ್ಲು ಬೆಸೆದು ಮಾಡಿದ ಸ್ಟ್ಯಾಂಡಿನ ಮೇಲೆ ಅಂಬಾಸಿಡರ್ ಕಾರಿನ ಎಂಜಿನ್ ಕೂತಿದೆ. 1980ರ ದಶಕದ ಮಾರ್ಕ್ ಫೋರ್. ಒಂದು ಕಾಲದಲ್ಲಿ ತಾಲ್ಲೂಕು ಕಚೇರಿ ಮುಂದೆಯೂ ಮದುವೆ ಛತ್ರದ ಮುಂದೆಯೂ ನಿಲ್ಲುತ್ತಿದ್ದ ಬಿಳಿ ಗಾಡಿಗಳ ಪೈಕಿ ಒಂದು. ಅದರ ಮೈ ಹೊರಗೆ ಟಾರ್ಪಾಲಿನ ಅಡಿಯಲ್ಲಿ ಕಾಯುತ್ತಿದೆ. ಸಿಲಿಂಡರ್ ಬೋರ್ ಮಾಡಿಸಿಯಾಗಿದೆ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಕೂತಿವೆ, ಕ್ರ್ಯಾಂಕು ಕೈಯಲ್ಲಿ ತಿರುವಿದರೆ ಬೆಣ್ಣೆಯಂತೆ ತಿರುಗುತ್ತದೆ. ದುಡ್ಡು ತಿನ್ನುವ ಕೆಲಸವೆಲ್ಲ ಮುಗಿಯಿತು. ಇನ್ನು ಮುಚ್ಚುವುದೊಂದೇ ಬಾಕಿ. ಆದರೆ ಕೆಲಸ ನಿಂತಿರುವುದೇ ಅಲ್ಲಿ.

ನೆಲದ ಮೇಲೆ ಅಗಲವಾದ ಅಲ್ಯೂಮಿನಿಯಂ ತಟ್ಟೆ. ಅದರ ತುಂಬ ಡೀಸೆಲ್ಲಿನಲ್ಲಿ ಮುಳುಗಿದ ನಟ್ಟು, ಬೋಲ್ಟು, ಸ್ಟಡ್ಡು, ವಾಷರು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಅವನ್ನು ಕದಡುತ್ತಾರೆ, ಒಂದನ್ನು ಎತ್ತಿ ವೈರ್ ಬ್ರಷ್ಷಿನಲ್ಲಿ ತಿಕ್ಕುತ್ತಾರೆ, ಬಟ್ಟೆಯಲ್ಲಿ ಒರೆಸಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಕೆಲವು ಬಲಕ್ಕೆ, ಕೆಲವು ಎಡಕ್ಕೆ. ಎಡಗಡೆಯ ಗುಡ್ಡೆ ದೊಡ್ಡದಾಗುತ್ತಾ ಹೋಗುತ್ತದೆ. ತಲೆಯ ಆರು ಮೂಲೆಯೂ ಸವೆದು ದುಂಡಗಾದದ್ದು, ಕುತ್ತಿಗೆಯ ಹತ್ತಿರ ಜಗ್ಗಿ ಸಣ್ಣಗಾದದ್ದು, ಥ್ರೆಡ್ಡಿನ ತುದಿ ಹಲ್ಲುದುರಿದಂತೆ ಚೂಪು ಕಳಕೊಂಡದ್ದು. ಒಂದು ಬೋಲ್ಟಿನ ಸುತ್ತ ಸಿಗರೇಟು ಪೊಟ್ಟಣದ ಬೇಗಡೆ ಸುತ್ತಿದೆ. ಸಡಿಲಾದ ತೂತಿಗೆ ಬಿಗಿ ಬರಲೆಂದು ಯಾವ ಕಾಲದಲ್ಲೋ ಯಾರೋ ಮಾಡಿದ ಉಪಾಯ. ಆಗ ಗಾಡಿ ಓಡಿತು, ಸರಿ. ಅದರ ಬಾಕಿ ತೀರಿಸುವ ಪಾಳಿ ಈಗ ಈ ಶೆಡ್ಡಿಗೆ ಬಂದಿದೆ.

ಈಗ ಹತ್ತಿರಕ್ಕೆ ಬಗ್ಗಿ ನೋಡಿ. ಮೇಸ್ತ್ರಿಯ ಅಂಗೈಯಲ್ಲಿ ಎರಡು ಬೋಲ್ಟುಗಳಿವೆ, ನೋಡಿದರೆ ಅವಳಿ ಅನ್ನಬೇಕು. ಒಂದು ಎರಡೂವರೆ ನೂಲಿನದು, ಅಂದರೆ ಇಂಚಿನಲ್ಲಿ ಹದಿನಾರರಲ್ಲಿ ಐದು ಪಾಲು, ಮಿಲಿಮೀಟರಿನಲ್ಲಿ 7.94. ಇನ್ನೊಂದು ಎಂಟು ಮಿಲಿಮೀಟರಿನದು. ದಪ್ಪದಲ್ಲಿ ಇರುವ ಅಂತರ ಒಂದು ಕಾಗದದಷ್ಟೂ ಇಲ್ಲ. ಅರ್ಧ ಇಂಚಿನ ಪಾನ (ಸ್ಪ್ಯಾನರು) ಅಂದರೆ 12.7 ಮಿಲಿಮೀಟರು, ಅದರ ಬದಲು 13ರದನ್ನು ಹಾಕಿದರೂ ತಲೆ ತಿರುಗುತ್ತದೆ. ಕಣ್ಣಿಗೂ ಪಾನಕ್ಕೂ ಸಿಗದ ವ್ಯತ್ಯಾಸ ಥ್ರೆಡ್ಡಿನಲ್ಲಿದೆ. ಮೊದಲನೆಯದರಲ್ಲಿ ಇಂಚಿಗೆ 24 ಸುತ್ತು. ಎರಡನೆಯದರಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರು, ಇಂಚಿಗೆ ಲೆಕ್ಕ ಹಾಕಿದರೆ ಇಪ್ಪತ್ತರ ಆಸುಪಾಸು. ಒಂದರ ಜಾಗಕ್ಕೆ ಇನ್ನೊಂದನ್ನು ಕೊಟ್ಟರೆ ಒಂದೋ ಎರಡೋ ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಬಿಗಿ ಅಂದುಕೊಂಡು ಪಾನಕ್ಕೆ ಪೈಪು ಸಿಕ್ಕಿಸಿ ಎಳೆದರೆ ಬ್ಲಾಕಿನ ಥ್ರೆಡ್ಡೇ ಕಿತ್ತು ಬರುತ್ತದೆ. ಈ ಎಂಜಿನ್ನಿನ ಒಂದು ತೂತಿಗೆ ಆದದ್ದೂ ಅದೇ.

ಮೇಸ್ತ್ರಿ ಎರಡು ಬೋಲ್ಟುಗಳನ್ನೂ ಮಗ್ಗುಲಾಗಿ ಜೋಡಿಸಿ, ಥ್ರೆಡ್ಡಿಗೆ ಥ್ರೆಡ್ಡು ಕೂರಿಸಿ, ಬಾಗಿಲ ಕಡೆ ಎತ್ತಿ ಹಿಡಿಯುತ್ತಾರೆ. ಸರಿಜೋಡಿಯಾದರೆ ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂತು ನಡುವೆ ಬೆಳಕು ಸುಳಿಯುವುದಿಲ್ಲ. ಇಲ್ಲಿ ಮೊದಲ ಎರಡು ಹಲ್ಲು ಕೂತವು, ಮೂರನೆಯದರಿಂದ ಆಚೆ ಬಿಸಿಲು ಸಣ್ಣ ಗೆರೆಯಾಗಿ ನುಸುಳಿತು. ಅವರ ಹತ್ತಿರ ಥ್ರೆಡ್ ಗೇಜೂ ಇದೆ, ಚಾಕುವಿನಂತೆ ಮಡಚಿದ ಎಲೆ ಎಲೆಯ ಸಾಮಾನು. ಅದನ್ನು ತೆಗೆಯುವುದು ಇಂಥ ಕಡೆ ಅನುಮಾನ ಬಂದಾಗ ಮಾತ್ರ.

ಇಷ್ಟೆಲ್ಲ ಗೊಂದಲ ಯಾಕೆ ಬಂತು ಎಂದರೆ, ಆ ಕಾರಿನ ಹುಟ್ಟಿನಲ್ಲೇ ಅದಕ್ಕೆ ಉತ್ತರವಿದೆ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಥ್ರೆಡ್ಡಿಗೊಂದು ಕ್ರಮ ಕೊಟ್ಟ; ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದವರು ಹಿಡಿದದ್ದು 60 ಡಿಗ್ರಿಯ ದಾರಿ. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಕೂರದೆ ಪಟ್ಟ ಪಾಡು ಸಾಕಾಗಿ, ಬ್ರಿಟನ್, ಅಮೆರಿಕ, ಕೆನಡಾ ಮೂರೂ 1948ರಲ್ಲಿ ಒಂದೇ ಥ್ರೆಡ್ಡಿಗೆ ಒಪ್ಪಿದವು. ಅದರಲ್ಲಿ ಸಣ್ಣ ಹಲ್ಲಿನದಕ್ಕೆ ಯುಎನ್‌ಎಫ್ ಎಂದು ಹೆಸರು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಾಗತೊಡಗಿದ ಮೇಲೆ ಅದಕ್ಕೆ ಕೂತ 1489 ಸಿ.ಸಿ. ಎಂಜಿನ್ ಈ ಇಂಚಿನ ಥ್ರೆಡ್ಡನ್ನೇ ಹೊತ್ತು ಬಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1958ರ ಅಕ್ಟೋಬರಿನಿಂದ, ದೇಶ ಸೇರು ಮಣ ಬಿಟ್ಟು ಕಿಲೋಗ್ರಾಮಿಗೆ, ಇಂಚು ಬಿಟ್ಟು ಮೀಟರಿಗೆ ಹೊರಳುತ್ತಿತ್ತು. ಅಂಗಡಿಯ ತಕ್ಕಡಿ ಬದಲಾಯಿತು, ಬಟ್ಟೆಯ ಅಳತೆಗೋಲು ಬದಲಾಯಿತು, ಈ ಎಂಜಿನ್ನಿನ ಬೋಲ್ಟು ಮಾತ್ರ ದಶಕಗಟ್ಟಲೆ ಇಂಚಿನಲ್ಲೇ ಉಳಿಯಿತು. 1990ರ ದಶಕದಲ್ಲಿ ಅದೇ ಕಾರಿಗೆ ಇಸುಜು ಎಂಜಿನ್ ಕೂತ ಮೇಲೆ ಮಿಲಿಮೀಟರ್ ಬೋಲ್ಟುಗಳೂ ಬಂದವು. ಎರಡು ಬಗೆಯ ಗಾಡಿಯೂ ಒಂದೇ ಶೆಡ್ಡಿನಲ್ಲಿ ಬಿಚ್ಚಿಕೊಂಡು, ಎರಡರ ಬೋಲ್ಟೂ ಒಂದೇ ಡಬ್ಬಿಗೆ ಬಿದ್ದವು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯೇ ನಿಂತಿತು. ಡಬ್ಬಿಗಳು ಉಳಿದವು.

ಆವತಿಯಲ್ಲಿ ಸಿಗದ್ದನ್ನು ಹುಡುಕಿಕೊಂಡು ದೇವನಹಳ್ಳಿಗೆ ಹೋಗಬಹುದು. ಅಲ್ಲಿ ಟ್ರ್ಯಾಕ್ಟರಿನದು, ಬೋರ್‌ವೆಲ್ಲಿನದು, ಗೇಟು ಕಿಟಕಿಯದು ಸಿಗುತ್ತದೆ. ಸಣ್ಣ ಹಲ್ಲಿನ ಇಂಚಿನದು ಕೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸಿ ಬೆಂಗಳೂರಿನ ದಾರಿ ತೋರಿಸುತ್ತಾರೆ. ಆ ದಾರಿ ಆವತಿಗೆ ಹೊಸದೇನಲ್ಲ. ಗಾಡಿ ಕಟ್ಟಿಕೊಂಡು ಬಂದು ಇಲ್ಲಿ ಬೀಡುಬಿಟ್ಟ ಅಣ್ಣತಮ್ಮಂದಿರಿಂದ ಆವತಿ ನಾಡಪ್ರಭುಗಳ ಮನೆತನ ಬೆಳೆಯಿತು ಎನ್ನುತ್ತದೆ ಈ ಸೀಮೆಯ ಐತಿಹ್ಯ. ಅದರ ಒಂದು ಕವಲು 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿತು, ಯಲಹಂಕದ ಕವಲಿನ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದರು. ಬೋಲ್ಟಿನ ಬೀದಿಗಳಿರುವುದು ಆ ಹಳೇ ಪೇಟೆಯ ಮಗ್ಗುಲಲ್ಲೇ.

ಎಸ್.ಜೆ.ಪಿ. ರಸ್ತೆಯಲ್ಲಿ ಕಾಲಿಡಲು ಜಾಗ ಮಾಡಿಕೊಂಡೇ ನಡೆಯಬೇಕು. ಕೈಗಾಡಿಯ ಮೇಲೆ ಸರಪಳಿಯ ರಾಶಿ, ಫುಟ್‌ಪಾತಿನ ಮೇಲೆ ಗೋಣಿಚೀಲದಲ್ಲಿ ವಾಷರು, ಹಿಂದಿನಿಂದ ‘ಸೈಡ್, ಸೈಡ್’ ಎಂದು ಕೂಗುತ್ತಾ ತಲೆಯ ಮೇಲೆ ರಾಡಿನ ಕಟ್ಟು ಹೊತ್ತವರು. ಅಂಗಡಿ ಎಂದರೆ ಗೋಡೆಯುದ್ದಕ್ಕೂ ಮರದ ಖಾನೆಗಳು; ಒಳಗಿರುವುದರ ಮಾದರಿ ಒಂದನ್ನು ಪ್ರತಿ ಖಾನೆಯ ಮೂತಿಗೆ ತಂತಿಯಲ್ಲಿ ಬಿಗಿದಿರುತ್ತಾರೆ. ಕನ್ನಡ, ಉರ್ದು, ತಮಿಳು ಒಂದೇ ಉಸಿರಿನಲ್ಲಿ ಓಡಾಡುವ ಕೌಂಟರಿನ ಮೇಲೆ ಮೇಸ್ತ್ರಿ ಕಾಗದದ ಪೊಟ್ಟಣ ಬಿಚ್ಚಿ ಹಳೆಯ ಬೋಲ್ಟನ್ನು ಇಡುತ್ತಾರೆ. ಮಾತು ಬೇಕಿಲ್ಲ. ಅಂಗಡಿಯ ಹಿರಿಯರು ಅದನ್ನು ಎರಡು ಬೆರಳಲ್ಲಿ ಉರುಳಿಸಿ, ಉಗುರಿನ ತುದಿಯನ್ನು ಥ್ರೆಡ್ಡಿನ ಮೇಲೆ ಎಳೆದು, ಏಣಿ ಹತ್ತಿ ಮೇಲಿನ ಸಾಲಿನ ಖಾನೆಯೊಂದನ್ನು ಎಳೆಯುತ್ತಾರೆ. ಎಣ್ಣೆಕಾಗದದಲ್ಲಿ ಸುತ್ತಿದ ಕಪ್ಪು ಬೋಲ್ಟು ಕೈಗೆ ಬಂದಾಗ ನಟ್ಟು ಹಾಕಿ ಬೆರಳಲ್ಲೇ ತಿರುಗಿಸಿ ನೋಡುತ್ತಾರೆ. ಕೊನೆಯ ಸುತ್ತಿನವರೆಗೂ ಬೆರಳಿನ ಬಲವೊಂದಕ್ಕೇ ಓಡಬೇಕು.

ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಬೋಲ್ಟೂ ಅಲ್ಲಿದೆ, ಒಂದೊಂದಕ್ಕೆ ಬೆಲೆ ಹೇಳುವ ಬೋಲ್ಟೂ ಇದೆ. ವ್ಯತ್ಯಾಸ ಅದರ ತಲೆಯ ಮೇಲೆ ಬರೆದಿರುತ್ತದೆ. ಮಿಲಿಮೀಟರಿನದರ ಮೇಲೆ 8.8 ಎಂದಿದ್ದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೂ ತುಂಡಾಗದು, ಅದರ ಶೇಕಡ 80ರಷ್ಟು, ಅಂದರೆ 640ರವರೆಗೆ ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ ಎಂದು ಅರ್ಥ. ಇಂಚಿನದರ ಮೇಲೆ ಅಂಕಿಯ ಬದಲು ಗೆರೆಗಳು: ಅಮೆರಿಕದ ಕ್ರಮದಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ ಐದು, ಆರಿದ್ದರೆ ಗ್ರೇಡ್ ಎಂಟು. ಬೋಳುತಲೆಯದು ಗೇಟಿಗೆ ಸಾಕು, ಎಂಜಿನ್ನಿಗೆ ಬೇಡ. ಬೋಲ್ಟು ಹಿಡಿತ ಕೊಡುವುದೇ ಬಿಗಿದಾಗ ತುಸು ಹಿಗ್ಗಿ ಮತ್ತೆ ಕುಗ್ಗಲು ಎಳೆಯುವುದರಿಂದ. ಹಿಗ್ಗಿದ್ದು ಹಾಗೇ ಉಳಿದರೆ ಅದು ಏನನ್ನೂ ಹಿಡಿಯದು. ಫಳಫಳ ಹೊಳೆಯುತ್ತದೆ ಎಂದು ಸ್ಟೇನ್‌ಲೆಸ್ ಬೋಲ್ಟು ಕೇಳುವವರು ಈಗ ಹೆಚ್ಚು. ಮಾಮೂಲಿ ಸ್ಟೇನ್‌ಲೆಸ್ಸು 8.8ರಷ್ಟು ಗಟ್ಟಿಯಲ್ಲ, ಬಿಗಿಯುವಾಗ ನಟ್ಟಿನೊಳಗೇ ಹತ್ತಿಕೊಂಡು ಜಾಮ್ ಆಗುವ ಗುಣ ಬೇರೆ. ಹೆಡ್ಡಿಗೂ ಕನೆಕ್ಟಿಂಗ್ ರಾಡಿಗೂ ಅದನ್ನು ಹಾಕುವುದು ತಪ್ಪು, ಎಷ್ಟೇ ಚೆಂದ ಕಂಡರೂ.

ಅಂಗಡಿಯಲ್ಲಿ ಸಿಗದೆ ಉಳಿದ ಸ್ಟಡ್ಡುಗಳಿಗೆ ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲದಿದ್ದರೆ ಲೇತು. ಸೈಲೆನ್ಸರಿನ ಕಡೆಯ ಮ್ಯಾನಿಫೋಲ್ಡಿಗೆ ಮೇಸ್ತ್ರಿ ಹಟ ಹಿಡಿದು ಹಿತ್ತಾಳೆಯ ನಟ್ಟನ್ನೇ ತರುತ್ತಾರೆ, ಎಷ್ಟು ಕಾದು ಕೆಂಪಾದರೂ ಅದು ಸ್ಟಡ್ಡಿಗೆ ತುಕ್ಕು ಹಿಡಿದು ಕಚ್ಚುವುದಿಲ್ಲವೆಂದು.

ಮತ್ತೆ ಶೆಡ್ಡಿನಲ್ಲಿ ಈಗ ಸದ್ದು ಬೇರೆ. ಕೆಟ್ಟ ತೂತನ್ನು ಡ್ರಿಲ್ಲಿನಿಂದ ಅಗಲ ಮಾಡಿ, ಟ್ಯಾಪ್ ಹಾಕಿ, ಒಳಗೆ ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸುತ್ತಿದ್ದಾರೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಪುಡಿ ಉದುರಿಸಿ ಮತ್ತೆ ಮುಂದೆ. ತಳ ಮುಚ್ಚಿದ ತೂತುಗಳಿಗೆಲ್ಲ ಗಾಳಿ ಊದಿ ಎಣ್ಣೆ ಒರೆಸುತ್ತಾರೆ. ಒಳಗೆ ಎಣ್ಣೆ ನಿಂತಿದ್ದರೆ ಅದು ಕುಗ್ಗುವುದಿಲ್ಲ, ಬೋಲ್ಟಿನ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಉದ್ದ ಹೆಚ್ಚಾದರೂ ಅಪಾಯವೇ: ಬೋಲ್ಟು ತಳಕ್ಕೆ ತಾಗಿ ನಿಂತರೆ ಕೈಗೆ ಬಿಗಿ ಅನ್ನಿಸುತ್ತದೆ, ಮುಚ್ಚಳ ಮಾತ್ರ ಸಡಿಲವಾಗಿಯೇ ಇರುತ್ತದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಹೊರಕ್ಕೆ, ಒಂದೇ ಏಟಿಗೆ ಎಳೆಯದೆ ಸುತ್ತು ಸುತ್ತಾಗಿ, ಟಾರ್ಕ್ ರೆಂಚು ಟಕ್ಕೆನ್ನುವವರೆಗೆ ಬಿಗಿಯುತ್ತಾರೆ. ಆಗ ಮಾತ್ರ ಶೆಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ.

ನಿಮ್ಮ ಮನೆಯ ಹಿಂದೆಯೂ ಇಂಥದೊಂದು ಗಾಡಿ ನಿಂತಿದ್ದರೆ, ಅದನ್ನು ಬಿಚ್ಚಿಸುವ ಆಸೆ ನಿಮಗಿದ್ದರೆ, ಮೊದಲ ದಿನವೇ ಒಂದು ದಪ್ಪ ರಟ್ಟು ತಂದಿಡಿ. ಟೈಮಿಂಗ್ ಕವರು, ವಾಟರ್ ಪಂಪು, ಸಂಪು, ಒಂದೊಂದರ ಆಕಾರವನ್ನೂ ಅದರ ಮೇಲೆ ಪೆನ್ನಿನಲ್ಲಿ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿ ನಿಲ್ಲಿಸಿ. ತುಂಡಾದದ್ದನ್ನೂ ದುಂಡಗಾದದ್ದನ್ನೂ ಎಸೆಯಬೇಡಿ. ಹೊಸದು ಬಂದು ಕೈಯಲ್ಲೇ ಸಲೀಸಾಗಿ ಕೊನೆಯವರೆಗೆ ತಿರುಗುವ ತನಕ ಆ ಹಳೆಯ ಬೋಲ್ಟೇ ನಿಮ್ಮ ಅಳತೆ. ಅಂಗಡಿಗೆ ಹೋಗುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.