ಕೊಬ್ಬು ತಿಂದು ಬದುಕುವ ಕ್ಷಯಾಣು

ಕ್ಷಯಕ್ಕೆ ಆರು ತಿಂಗಳು ಮಾತ್ರೆ ಏಕೆ? ಎರಡೇ ತಿಂಗಳಲ್ಲಿ ಕೆಮ್ಮು ತಗ್ಗಿ ಊಟ ಸೇರತೊಡಗಿದವರು ಕೇಳುವ ಪ್ರಶ್ನೆ ಇದು. ಮದ್ದಿಗೂ ಬೇಗ ಮಣಿಯದೆ ಕೆಲವು ಬ್ಯಾಕ್ಟೀರಿಯಾಗಳು ಒಳಗೇ ಅಡಗಿ ಕೂತಿರುತ್ತವೆ, ಅದಕ್ಕೆ. ಅಷ್ಟು ದಿನ ಅವು ಅಲ್ಲಿ ತಿನ್ನುವುದೇನು?

ಪ್ರಯೋಗಾಲಯದಲ್ಲಾದರೆ ಗ್ಲೂಕೋಸ್, ಗ್ಲಿಸರಾಲ್ ಹಾಕಿ ಸಾಕುತ್ತಾರೆ. ಶ್ವಾಸಕೋಶದಲ್ಲಿ ಆ ಸುಖವಿಲ್ಲ. ನಮ್ಮನ್ನು ಕಾಯಬೇಕಾದ ಮ್ಯಾಕ್ರೋಫೇಜ್ ಕೋಶದೊಳಗೇ ನುಸುಳಿದ ಕ್ಷಯಾಣು, ಅಲ್ಲಿ ಸಿಗುವ ಕೊಬ್ಬಿನಾಮ್ಲ ಮತ್ತು ಕೊಲೆಸ್ಟರಾಲನ್ನು ನೆಚ್ಚಿಕೊಳ್ಳುತ್ತದೆ.

ಕೊಬ್ಬಿನಾಮ್ಲ ಒಡೆದರೆ ಸಿಗುವುದು ಎರಡೆರಡು ಇಂಗಾಲದ ಅಸಿಟೈಲ್ ತುಣುಕುಗಳು. ಕೋಶಗಳು ಶಕ್ತಿ ಪಡೆಯುವ ಮಾಮೂಲಿ ಕ್ರೆಬ್ಸ್ ಚಕ್ರದಲ್ಲಿ ಎರಡು ಇಂಗಾಲ ಒಳಹೊಕ್ಕರೆ ಎರಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತವೆ. ದುಡಿದದ್ದೆಲ್ಲ ಬಡ್ಡಿಗೇ ಹೋದಂತೆ, ಶಕ್ತಿಯೇನೋ ಸಿಗುತ್ತದೆ, ಮೈ ಕಟ್ಟಿಕೊಳ್ಳಲು ಏನೂ ಉಳಿಯುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಐಸಿಎಲ್-1 ಎಂಬ ವಂಶವಾಹಿ. ಅದರಿಂದ ತಯಾರಾಗುವ ಐಸೊಸಿಟ್ರೇಟ್ ಲಯೇಸ್ ಕಿಣ್ವ, ಆರು ಇಂಗಾಲದ ಐಸೊಸಿಟ್ರೇಟನ್ನು ನಾಲ್ಕು ಮತ್ತು ಎರಡಾಗಿ ಸೀಳುತ್ತದೆ. ಎರಡರ ತುಂಡು ಗ್ಲೈಆಕ್ಸಿಲೇಟ್. ಅದಕ್ಕೆ ಮತ್ತೊಂದು ಅಸಿಟೈಲ್ ಸೇರಿ ನಾಲ್ಕು ಇಂಗಾಲದ ಮ್ಯಾಲೇಟ್ ಆಗುತ್ತದೆ. ಇಂಗಾಲ ಪೋಲಾಗುವ ಎರಡೂ ಹಂತ ತಪ್ಪಿತು! ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾನ್ಸ್ ಕ್ರೆಬ್ಸ್ 1957ರಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಈ ಒಳದಾರಿಯನ್ನು ವಿವರಿಸಿದರು. ಮೊಳೆಯುವ ಹರಳು ಬೀಜದ ಎಣ್ಣೆ ಸಕ್ಕರೆಯಾಗುವುದೂ ಇದೇ ದಾರಿಯಲ್ಲಿ. ಆದರೆ ಮನುಷ್ಯರಲ್ಲಿ ಈ ಕಿಣ್ವವಿಲ್ಲ. ಮದ್ದಿನ ದೃಷ್ಟಿಯಿಂದ ನನಗೆ ಅತ್ಯಂತ ಆಸೆ ಹುಟ್ಟಿಸುವ ಸಂಗತಿ ಇದೇ.

2000ದಲ್ಲಿ ಜಾನ್ ಮೆಕಿನ್ನಿ ಮತ್ತು ಸಂಗಡಿಗರು ಈ ವಂಶವಾಹಿಯನ್ನು ತೆಗೆದುಹಾಕಿದ ಕ್ಷಯಾಣುವನ್ನು ಇಲಿಗಳಿಗೆ ಹಾಯಿಸಿದರು. ಮೊದಮೊದಲು ಅದು ಎಂದಿನಂತೆಯೇ ಬೆಳೆಯಿತು. ಇಲಿಯ ರೋಗನಿರೋಧಕ ಶಕ್ತಿ ಎಚ್ಚೆತ್ತ ಮೇಲೆ ತಾಳಿಕೊಳ್ಳಲಾರದೆ ಕ್ಷೀಣಿಸಿತು. ಇದರ ಜೋಡಿ ವಂಶವಾಹಿ ಐಸಿಎಲ್-2ನ್ನೂ ತೆಗೆದಾಗ, 2005ರ ವರದಿಯಂತೆ, ಶ್ವಾಸಕೋಶದಲ್ಲಿ ಬೆಳೆಯಲೇ ಇಲ್ಲ.

ನಮ್ಮ ಮ್ಯಾಕ್ರೋಫೇಜ್‌ಗಳೂ ಸುಮ್ಮನಿಲ್ಲ. ಈ ಕಿಣ್ವವನ್ನು ತಡೆಯಬಲ್ಲ ಇಟಕೋನೇಟನ್ನು ತಾವೇ ತಯಾರಿಸುತ್ತವೆ. ಆದರೆ ಕ್ಷಯಾಣು ಅದನ್ನೂ ಒಡೆದು ಅರಗಿಸಿಕೊಳ್ಳಬಲ್ಲದು.

ಹಾಗಾದರೆ ಮದ್ದು? ಕಿಣ್ವದ ರಚನೆ 2000ದಲ್ಲೇ ಗೊತ್ತಾಗಿದೆ. ಅದರ ಕೆಲಸ ನಡೆಯುವ ಕುಳಿ ಮಾತ್ರ ತೀರಾ ಚಿಕ್ಕದು, ಔಷಧದ ಅಣು ಕೂರುವುದು ಕಷ್ಟ. ಅಲ್ಲಿ ಕೂರುವ ನೈಟ್ರೊಪ್ರೊಪಿಯೊನೇಟ್ ನಮಗೂ ವಿಷ. ಈ ಕಿಣ್ವವನ್ನೇ ಗುರಿಯಾಗಿಸಿದ ಒಂದು ಮಾತ್ರೆಯೂ ಇನ್ನೂ ರೋಗಿಯ ಕೈಸೇರಿಲ್ಲ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಈ ಕಿಣ್ವದ ಬೆನ್ನು ಹತ್ತಬೇಕಾದವರು ಎಲ್ಲರಿಗಿಂತ ಮೊದಲು ನಮ್ಮ ಸಾರ್ವಜನಿಕ ಪ್ರಯೋಗಾಲಯಗಳೇ. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಕೈಬಿಚ್ಚಿ ಕೊಡಲಿ.