ಮಾತ್ರೆ ಎಲ್ಲರೆದುರಿಗೇ ಇರಲಿ: ವ್ಯಸನ ಚಿಕಿತ್ಸೆಯಲ್ಲಿ ಮನೆಯವರ ಪಾಲು

ಬಿಡಬೇಕೆಂದುಕೊಂಡರೂ ಬಿಡಲಾಗದ ಸ್ಥಿತಿಯೇ ವ್ಯಸನ. ಕುಡಿತದ ಅಳತೆ ಏರುತ್ತ ಹೋಗುತ್ತದೆ, ಬಿಟ್ಟ ದಿನ ಕೈ ನಡುಗುತ್ತದೆ, ದುಡಿಮೆಯೂ ಮನೆಯೂ ಹಿಂದೆ ಬೀಳುತ್ತವೆ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ. ಆದರೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನರ ಮನೆಗಳಲ್ಲಿ ಹೆಂಡತಿ, ತಾಯಿ, ಮಕ್ಕಳು ತಮಗೆ ತೋಚಿದ್ದನ್ನು ಮಾಡುತ್ತ ಬಂದಿದ್ದಾರೆ. ಈ ಅಧ್ಯಾಯ ಅವರಿಗಾಗಿ.

ಆಣೆಗೆ ಮುಂಚೆ ಆಸ್ಪತ್ರೆ

ಮಹಾರಾಷ್ಟ್ರದ ಗಡಿಯ ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಬೆಳುಂಕಿಯ ಸುತ್ತಿನ ಕನ್ನಡ ಸೀಮೆಯಲ್ಲಿ ಕುಡಿತ ಬಿಡಲು ಜನ ನೆಚ್ಚುವುದು ದೇವರನ್ನು. ಗುಡ್ಡಾಪುರದ ದಾನಮ್ಮನ ಮುಂದೆ ಆಣೆ ಮಾಡುತ್ತಾರೆ, ಪಂಢರಪುರದ ತುಳಸಿಮಾಲೆ ಹಾಕಿಕೊಳ್ಳುತ್ತಾರೆ. ಈ ದಾರಿಯನ್ನು ಹಗುರವಾಗಿ ಕಾಣಬಾರದು. ಆಣೆಗೆ ಇಡೀ ಮನೆ ಸಾಕ್ಷಿಯಾಗಿರುತ್ತದೆ, ಮಾಲೆ ಹಾಕಿಕೊಂಡವನಿಗೆ ಹೊಸ ಜೊತೆಗಾರರು ಸಿಗುತ್ತಾರೆ. ಆದರೆ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಭ್ರಮೆ, ಬಡಬಡಿಕೆ ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಆಗ ಬೇಕಾದದ್ದು ಥಯಮಿನ್ ಮತ್ತು ನಡುಕ ತಗ್ಗಿಸುವ ಔಷಧಿ. ಹಾಗಾಗಿ ಆಣೆಯ ದಿನ ಗೊತ್ತುಮಾಡುವ ಮೊದಲು ವೈದ್ಯರನ್ನು ಕಾಣಿರಿ.

ಸಾರಿನಲ್ಲಿ ಬೆರೆಸುವ ಮಾತ್ರೆ

ಈ ವಿಷಯದ ಮೇಲೆ ಎಲ್ಲಿ ಮಾತಾಡಿದರೂ ಸಭೆ ಮುಗಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾಳೆ: "ಸಾರಿನ್ಯಾಗ ಹಾಕಿದ್ರ ಅವಗ ಗೊತ್ತಾಗದಂಥಾ ಮಾತ್ರಿ ಐತೇನ್ರಿ?" ಕೇಳುವವಳ ಸಂಕಟ ನಿಜ. ಆದ್ದರಿಂದ ಉತ್ತರವನ್ನೂ ಬಿಡಿಸಿ ಹೇಳಬೇಕು.

ಹಾಗೆ ಬೆರೆಸುವ ಮಾತ್ರೆ ಹಲವು ಬಾರಿ ಡೈಸಲ್ಫಿರಾಂ ಆಗಿರುತ್ತದೆ. ಇದರ ಕಥೆಯೇ ಸೊಗಸು. ಡೆನ್ಮಾರ್ಕಿನ ಹಾಲ್ಡ್ ಮತ್ತು ಜೇಕಬ್ಸನ್ ಎಂಬ ಸಂಶೋಧಕರು ಹೊಟ್ಟೆಹುಳುವಿನ ಔಷಧಿಯಾದೀತೆಂದು ಇದನ್ನು ತಾವೇ ನುಂಗಿ ನೋಡುತ್ತಿದ್ದರು. ಮದ್ಯ ಕುಡಿದಾಗ ಮೈಯೆಲ್ಲ ಕೆಟ್ಟಿತು. 1948ರಲ್ಲಿ ಆ ಗುಣವನ್ನೇ ಚಿಕಿತ್ಸೆಯೆಂದು ಜಗತ್ತಿಗೆ ತಿಳಿಸಿದರು.

ನಮ್ಮ ಯಕೃತ್ತು ಮದ್ಯವನ್ನು ಎರಡು ಹಂತಗಳಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಎರಡನೆಯ ಹಂತದಲ್ಲಿ ಒಂದು ಕಿಣ್ವ ಅದನ್ನು ನಿರುಪದ್ರವಿ ಅಸಿಟೇಟ್ ಆಗಿಸುತ್ತದೆ. ಡೈಸಲ್ಫಿರಾಂ ಆ ಕಿಣ್ವವನ್ನು ತಡೆಯುತ್ತದೆ. ಹೊರಗಾಲುವೆಯ ಬಾಗಿಲು ಮುಚ್ಚಿದ ಕೆರೆಯಂತೆ ರಕ್ತದಲ್ಲಿ ವಿಷ ಏರುತ್ತದೆ. ಮಾತ್ರೆಯ ಮೇಲೆ ಕುಡಿದರೆ ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿಯುತ್ತದೆ.

ಮಾತ್ರೆಯಲ್ಲಿ ಕುಡಿಯುವ ಆಸೆಯನ್ನು ಕೊಲ್ಲುವ ಗುಣವಿಲ್ಲ. "ಇಂದು ಕುಡಿದರೆ ಹೀಗಾಗುತ್ತದೆ" ಎಂಬ ತಿಳಿವಳಿಕೆಯೇ ಕುಡಿಯುವವನ ಕೈ ಹಿಡಿದು ನಿಲ್ಲಿಸುವುದು. ಮಾತ್ರೆ ನುಂಗಿರುವುದೇ ಗೊತ್ತಿಲ್ಲದವನು ಎಂದಿನಂತೆ ಕುಡಿಯುತ್ತಾನೆ, ಎಲ್ಲೋ ರಸ್ತೆಯ ಮೇಲೆ ಕುಸಿಯುತ್ತಾನೆ. ಕದ್ದು ಹಾಕಿದ್ದು ಬಯಲಾದ ದಿನ ಮನೆಯ ಅನ್ನವನ್ನೂ ನಂಬದವನಾಗುತ್ತಾನೆ.

ಅದೇ ಮಾತ್ರೆಯನ್ನು ವೈದ್ಯರ ಪರೀಕ್ಷೆಯಾದ ಮೇಲೆ, ಅವನೇ ಒಪ್ಪಿ, ಹೆಂಡತಿಯ ಎದುರು ದಿನವೂ ಗೊತ್ತಾದ ಹೊತ್ತಿಗೆ ನುಂಗಿದರೆ? ಅಮೆರಿಕದ ನೇಥನ್ ಅಜ್ರಿನ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ಪರೀಕ್ಷಿಸಿದರು. ಸಂಗಾತಿಯಿದ್ದ ರೋಗಿಗಳಲ್ಲಿ ಈ ಒಂದು ಏರ್ಪಾಡೇ ಕುಡಿತವನ್ನು ಬಹುತೇಕ ನಿಲ್ಲಿಸಿತು. ನಾನು ಯಾರಿಗೆ ವಿವರಿಸಿದರೂ ಈ ಭಾಗಕ್ಕೆ ಬಂದಾಗ ಉತ್ಸಾಹ ತಡೆಯಲಾರೆ: ಔಷಧಿ ಒಂದೇ, ಮನೆಯವರು ಅದನ್ನು ಕೊಡುವ ರೀತಿ ಬೇರೆಯಾದರೆ ಫಲವೇ ಬೇರೆ! ಮಾತ್ರೆ ನುಂಗುವಾಗ ಅವನು "ಇವತ್ತೊಂದಿನ ಕುಡಿಯಂಗಿಲ್ಲ" ಎನ್ನುತ್ತಾನೆ. ಅವಳು ಮೆಚ್ಚುಗೆಯ ಒಂದು ಮಾತಾಡುತ್ತಾಳೆ. ಆ ಹೊತ್ತಿನಲ್ಲಿ ಹಳೆಯ ಜಗಳ ತೆಗೆಯುವಂತಿಲ್ಲ, ಜೇಬು ತಡಕುವಂತಿಲ್ಲ. ಮಾತ್ರೆ ತಪ್ಪಿದರೆ ವೈದ್ಯರಿಗೆ ತಿಳಿಸುವುದೆಂದು ಇಬ್ಬರೂ ಮೊದಲೇ ಒಪ್ಪಿರುತ್ತಾರೆ.

ಅವನು ಒಪ್ಪದಿದ್ದರೆ?

ಆಗಲೂ ಮನೆಯವರು ಕೈಚೆಲ್ಲಬೇಕಾಗಿಲ್ಲ. 1999ರಲ್ಲಿ ಪ್ರಕಟವಾದ ಮಿಲ್ಲರ್ ಮತ್ತು ಮೇಯರ್ಸ್ ತಂಡದ ಅಧ್ಯಯನದಲ್ಲಿ ಚಿಕಿತ್ಸೆ ಬೇಡವೆನ್ನುವವರ ಮನೆಯವರಿಗೇ ತರಬೇತಿ ಕೊಟ್ಟರು. ಅಂಥ ಮನೆಗಳಲ್ಲಿ ಶೇ. 64ರಷ್ಟು ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಕೂಡಿ ಎದುರು ಕೂರಿಸಿಕೊಂಡು ಬುದ್ಧಿ ಹೇಳುವ ಪದ್ಧತಿಯಲ್ಲಿ ಬಂದವರು ಶೇ. 30 ಮಾತ್ರ.

ಕಲಿಸಿದ್ದು ಸರಳ. ಅವನು ಕುಡಿಯದ ಸಂಜೆ ಜೊತೆಗೆ ಕೂತು ಉಣ್ಣಿರಿ, ಮಾತಾಡಿರಿ. ಕುಡಿದು ಬಂದಾಗ ವಾದಕ್ಕಿಳಿಯದೆ ದೂರ ಸರಿಯಿರಿ. ಸೆರೆ ಅಂಗಡಿಯ ಉದ್ರಿ ನೀವು ತೀರಿಸಬೇಡಿರಿ. "ಅವರಿಗೆ ಜ್ವರ ಬಂದಾವ್ರಿ" ಎಂದು ಕೆಲಸ ಕೊಟ್ಟವರಿಗೆ ಸುಳ್ಳು ಹೇಳಬೇಡಿರಿ. ಕುಡಿತದ ನೋವು ಅವನಿಗೇ ತಟ್ಟಿದ ಮರುದಿನ, ಎಚ್ಚರದಲ್ಲಿದ್ದಾಗ, ಆಸ್ಪತ್ರೆಯ ಮಾತು ತೆಗೆಯಿರಿ. ಹೊಡೆತವಿರುವ ಮನೆಯಲ್ಲಿ ಮಾತ್ರ ಹೆಂಡತಿ ಮಕ್ಕಳ ಸುರಕ್ಷತೆ ಮೊದಲು, ಉಳಿದುದೆಲ್ಲ ಆಮೇಲೆ. ಮಹಿಳಾ ಸಹಾಯವಾಣಿ 181.

ಮನೆಯವರಿಗೂ ಆಸರೆ ಬೇಕು. ಕುಡಿತ ಬಿಟ್ಟು ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲೊಬ್ಬನಾದ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಎಂಬ ಮನೆಯವರ ಕೂಟ ಕಟ್ಟಿದ್ದು ಇದಕ್ಕಾಗಿಯೇ. ಪುಣೆಯಲ್ಲಿ 1986ರಲ್ಲಿ ಶುರುವಾದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವು ವ್ಯಸನಿಗಳ ಹೆಂಡತಿಯರನ್ನೂ ಒಟ್ಟು ಸೇರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿದ ಮೇಲೆ ಊರಿನ ನವಜೀವನ ಸಮಿತಿ ಬೆನ್ನಿಗಿರುತ್ತದೆ.

ಇನ್ನೂ ಕಲಿಯಬೇಕಾದದ್ದು

ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಒಳಗೊಂಡಿದೆ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕು ರೋಗಿಗಿದೆ. ಅವನು ಹಾಗೆ ಹೆಸರಿಸಿದರೆ ಮನೆಯವರು ರಾಜಮಾರ್ಗದಲ್ಲೇ ಚಿಕಿತ್ಸೆಯೊಳಗೆ ಬರಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮರಾಠಿಯಲ್ಲೂ ಸಲಹೆ ಸಿಗುತ್ತದೆ.

ಆದರೆ ಗಡಿಯ ಮನೆಗಳ ಪ್ರಶ್ನೆಗಳು ಪುಸ್ತಕದ ಮನೆಗಳ ಪ್ರಶ್ನೆಗಳಿಗಿಂತ ಬೇರೆ. ಗಂಡ ಹೆಂಡತಿ ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಟ್ಟಾಗ ಮಾತ್ರೆಯ ಒಪ್ಪಂದ ಕಬ್ಬಿನ ಫಡದಲ್ಲಿ ಹೇಗೆ ನಡೆಯಬೇಕು? ಹೆಂಡತಿಯಿಲ್ಲದವನಿಗೆ ತಮ್ಮನೋ ಗೆಳೆಯನೋ ಸಾಕ್ಷಿಯಾದರೆ ಸಾಕೇ? ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ಮರಾಠಿ ಇರುವ ಕುಟುಂಬದ ಜೊತೆ ಸಲಹೆಗಾರರು ಯಾವ ನುಡಿಯಲ್ಲಿ ಕೂರಬೇಕು? ಸಮಾಜಕಾರ್ಯ, ನರ್ಸಿಂಗ್, ಮನಶ್ಶಾಸ್ತ್ರ ಓದುತ್ತಿರುವ ಗಡಿನಾಡಿನ ಮಕ್ಕಳೇ, ನಿಮ್ಮ ಪ್ರಬಂಧಗಳಿಗೆ ಈ ಪ್ರಶ್ನೆಗಳನ್ನು ಆರಿಸಿಕೊಳ್ಳಿರಿ. ಈ ಮನೆಗಳ ಮಾತು ಆಡಬಲ್ಲ ನೀವು ಹುಡುಕಿದರೆ ಉತ್ತರ ಬೇಗ ಸಿಕ್ಕೀತು. ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆಯಿರಿ, ಆ ತಾಯಂದಿರಿಗೆ ಓದಿ ಹೇಳಿರಿ.